ನೃತ್ಯವಿನೋದದ ಓದು ಮುಗಿಯಿತು, ಎಲ್ಲರಿಗೂ ವಂದನೆ

ಕಲ್ಯಾಣದ ಚಾಲುಕ್ಯ ದೊರೆ, ಭೂಲೋಕಮಲ್ಲ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ಸಂಸ್ಕೃತ ವಿಶ್ವಕೋಶ ‘ಮಾನಸೋಲ್ಲಾಸ’ದಲ್ಲಿ ಕುಣಿತವನ್ನು ಕುರಿತ ನೃತ್ಯವಿನೋದ ಭಾಗವನ್ನು ಓದಿ ಮುಗಿಸಿದ್ದೇವೆ. ಕನ್ನಡ ಅನುವಾದದ ಕರಡೂ ಸಿದ್ಧವಾಗಿದೆ. ಕೈಜೋಡಿಸಿದ ಎಲ್ಲರಿಗೂ ಮನಸಾರೆ ವಂದನೆ.

ಮೊದಲಿಗೆ ಪಾಠ ತಿದ್ದಿಕೊಟ್ಟ ಸಂಸ್ಕೃತ ಮೇಷ್ಟ್ರಿಗೆ. ಗ್ರಂಥದ ಅನುಷ್ಟುಪ್ ಛಂದಸ್ಸಿನ ಶ್ಲೋಕದಲ್ಲಿ ನಾಲ್ಕು ಪಾದ (ಸಾಲು), ಪಾದಕ್ಕೆ 8 ಅಕ್ಷರ, ಒಟ್ಟು 32. ಗಟ್ಟಿಯಾಗಿ ಓದಿದರೆ 7ಕ್ಕೇ ನಿಂತ ಪಾದ ಕಿವಿಗೆ ಸಿಕ್ಕಿಬೀಳುತ್ತದೆ. ಲೆಕ್ಕ ಸರಿಯಿದ್ದೂ ಅರ್ಥ ಕೂಡದಿದ್ದರೆ, ನಾಗರಿಯಲ್ಲಿ ಹೋಲುವ ‘ಪ’-‘ಯ’, ‘ಚ’-‘ವ’ ಅದಲುಬದಲಾಗಿವೆಯೇ ನೋಡಬೇಕು. ಹದಿಮೂರನೇ ಶತಮಾನದ ಶಾಸ್ತ್ರಗ್ರಂಥಗಳಾದ ‘ಸಂಗೀತರತ್ನಾಕರ’, ಜಾಯಸೇನಾಪತಿಯ ‘ನೃತ್ತರತ್ನಾವಳಿ’ ಎರಡನ್ನೂ ತೆರೆಯುವುದು ಅದಾದ ಮೇಲೆಯೇ. ಮೊದಲೇ ತೆರೆದರೆ ಸೋಮೇಶ್ವರನ ಮಾತಿನ ಜಾಗದಲ್ಲಿ ನೂರು ವರ್ಷ ಈಚಿನವರ ಮಾತು ಬಂದು ಕೂರುತ್ತದೆ. ಈ ಶಿಸ್ತನ್ನು ಅವರು ಒಮ್ಮೆಯೂ ಸಡಿಲಿಸಲಿಲ್ಲ.

ನೃತ್ಯಗುರುಗಳಿಗೂ ಅವರ ಶಿಷ್ಯರಿಗೂ ನಮ್ಮ ಋಣ ದೊಡ್ಡದು. ಇಲ್ಲಿ ಬರುವುದು ದೇಸಿಯ, ಎಂದರೆ ಪ್ರಾದೇಶಿಕ ಶೈಲಿಯ, 18 ಕರಣಗಳು (ಕೈಕಾಲು ಕೂಡಿಸಿದ ನೃತ್ಯದ ಚಲನೆಗಳು). ನಾಟ್ಯಶಾಸ್ತ್ರದಲ್ಲಿ ಭರತ ಹೇಳಿದ 108 ಕರಣಗಳನ್ನು ಮನಸ್ಸಿನಲ್ಲಿಟ್ಟು ಓದಿದರೆ ದಾರಿ ತಪ್ಪುತ್ತದೆ. ಮೈಯ ಭಾಗಗಳ 6 ಅಂಗ, 8 ಉಪಾಂಗ, 6 ಪ್ರತ್ಯಂಗ ಎಂಬ ವಿಂಗಡಣೆಯೂ ನಾಟ್ಯಶಾಸ್ತ್ರದ್ದಲ್ಲ. ನೆಗೆತದ ಕರಣದಲ್ಲಿ ಪ್ರತಿ ಹೆಜ್ಜೆಯನ್ನೂ ಶ್ಲೋಕ ಬಿಡಿಸಿ ಹೇಳುವುದಿಲ್ಲ. ಸಾಧ್ಯವಿದ್ದ ಅರ್ಥಗಳನ್ನೆಲ್ಲ ಅವರು ಚಾಪೆಯ ಮೇಲೆ ಮಾಡಿ ತೋರಿಸಿದರು. ಇಳಿಯುವಾಗ ಮುಂಗಾಲು ಮೊದಲು ಊರಿ ಮಂಡಿ ಮಡಿಸಬೇಕು, ಹಿಮ್ಮಡಿ ಮೊದಲು ತಾಗಿದರೆ ಪೆಟ್ಟು ನೇರ ಮಂಡಿಗೆ. ಮೈ ಒಪ್ಪದ ಅರ್ಥವನ್ನು ಕರಡಿನಲ್ಲಿ ಅಡಿಟಿಪ್ಪಣಿಗೆ ಇಳಿಸಿದ್ದೇವೆ. ನಾಟ್ಯ, ಲಾಸ್ಯ, ತಾಂಡವ, ಲಾಘವ, ವಿಷಮ, ವಿಕಟ ಎಂಬ ನೃತ್ಯದ ಆರು ಬಗೆಗಳಲ್ಲಿ ಕೊನೆಯ ಮೂರು ನಮಗೆ ತಿಳಿದದ್ದು ಅವರಿಂದಲೇ.

ಕುಟ್ಟುವ ಪದ ಹಾಡಿ ಕೇಳಿಸಿದ ಅಜ್ಜಿಯರಿಗೆ ಶರಣು. ಮಹಾರಾಷ್ಟ್ರದ ಹೆಂಗಸರು ಕುಟ್ಟುವಾಗ ಓವಿ ಎಂಬ ಜಾನಪದ ಹಾಡು ಹಾಡುತ್ತಾರೆಂದು ಇದೇ ಗ್ರಂಥದ ಹಾಡಿನ ಭಾಗವಾದ ಗೀತವಿನೋದದಲ್ಲಿ ದಾಖಲಿಸಿದ ದೊರೆ ಸೋಮೇಶ್ವರ. ಕಲ್ಯಾಣದ ಭೂತಮಾತೃ ಉತ್ಸವದಲ್ಲಿ ಭಿಲ್ಲ ಬುಡಕಟ್ಟಿನ ವೇಷದ ಹೆಂಗಸೊಬ್ಬಳು ಹಾಡುತ್ತ ಕುಣಿಯುವುದನ್ನು ಕಂಡು ಮೆಚ್ಚಿ, ಅದಕ್ಕೊಂದು ನೃತ್ಯವಿಧಿಯನ್ನೇ ರೂಪಿಸಿದನೆಂದು ಜಾಯಸೇನಾಪತಿ ಬರೆಯುತ್ತಾನೆ. ಅರಮನೆಯ ಗ್ರಂಥದೊಳಗೆ ಒನಕೆಯ ಹಾಡಿಗೂ ಜಾಗ ಕೊಟ್ಟ ಆ ಕಣ್ಣು ನಮಗೆ ತುಂಬ ದೊಡ್ಡದಾಗಿ ಕಂಡಿದೆ.

ಜಿ. ಕೆ. ಶ್ರೀಗೊಂಡೇಕರ್ ಸಂಪಾದಿಸಿದ ಬರೋಡಾ ಆವೃತ್ತಿಯ ಮೂರನೇ ಸಂಪುಟವನ್ನು ಹುಡುಕಿಕೊಟ್ಟ ಗ್ರಂಥಾಲಯದ ಸಿಬ್ಬಂದಿಗೂ ವಂದನೆ. ಇನ್ನು ಓದಬೇಕಿರುವುದು ವಾದ್ಯಗಳನ್ನು ಕುರಿತ ವಾದ್ಯವಿನೋದ. ಮೃದಂಗ, ವೀಣೆ ಬಲ್ಲವರು ದಯವಿಟ್ಟು ಜೊತೆಯಾಗಿ.