ಶಾಶ್ವತ ಪರವಾನಗಿಯ ಎಡಿಟಿಂಗ್ ತಂತ್ರಾಂಶದಲ್ಲಿ ಹೊಸ ಕ್ಯಾಮೆರಾದ ದೃಶ್ಯಗಳು ತೆರೆಯದಿರುವ ಬಗ್ಗೆ ದೂರು

ಇಂದ,
ಶಾಶ್ವತ ಪರವಾನಗಿ ಹೊಂದಿರುವ ಗ್ರಾಹಕ,
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ.

ಗೆ,
ಗ್ರಾಹಕ ಕುಂದುಕೊರತೆ ಪರಿಹಾರ ಅಧಿಕಾರಿಗಳು,
ವಿಡಿಯೋ ಸಂಕಲನ ತಂತ್ರಾಂಶ ವಿಭಾಗ.

ವಿಷಯ: ಜಾಹೀರಾತಿನಲ್ಲಿ ಹೇಳಿದ ಎಚ್.265 (ವಿಡಿಯೋವನ್ನು ಕುಗ್ಗಿಸಿ ಉಳಿಸುವ ಒಂದು ವಿಧಾನ) ಬೆಂಬಲ ಇಲ್ಲದಿರುವುದು, ಹಳೆಯ ಆವೃತ್ತಿಯ ಆ್ಯಕ್ಟಿವೇಶನ್ ನಿರಾಕರಿಸಿರುವುದು ಮತ್ತು ಮೇಲ್ದರ್ಜೆಯ ಶುಲ್ಕ ಹಿಂದಿರುಗಿಸುವ ಬಗ್ಗೆ.

ಮಾನ್ಯರೇ,

ನಾನು ಸಾಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಮದುವೆ, ಉಪನಯನ, ಯಕ್ಷಗಾನ ಪ್ರದರ್ಶನಗಳನ್ನು ಚಿತ್ರೀಕರಿಸಿ, ಮನೆಯಲ್ಲಿಯೇ ಸಂಕಲನ ಮಾಡಿಕೊಟ್ಟು ಜೀವನ ನಡೆಸುವವನು. 2014ರಲ್ಲಿ ನಿಮ್ಮ ಸಂಸ್ಥೆಯ ಎಡಿಟಿಂಗ್ ತಂತ್ರಾಂಶವನ್ನು ಶಾಶ್ವತ ಪರವಾನಗಿಯೊಂದಿಗೆ ಕೊಂಡು, ಅಂದಿನಿಂದ ಅದರಲ್ಲಿಯೇ ಕೆಲಸ ಮಾಡುತ್ತಿದ್ದೇನೆ. ಕಳೆದ ವರ್ಷ ಹೊಸ ಕ್ಯಾಮೆರಾ ಕೊಂಡಾಗ, ಅದರ ಕಡತಗಳನ್ನು ತೆರೆಯುವ ಒಂದೇ ಉದ್ದೇಶದಿಂದ, ನೀವು ಮಾರುತ್ತಿದ್ದ ಕೊನೆಯ ಶಾಶ್ವತ ಆವೃತ್ತಿಗೆ ಪ್ರತ್ಯೇಕ ಶುಲ್ಕ ಕೊಟ್ಟು ಮೇಲ್ದರ್ಜೆಗೇರಿಸಿಕೊಂಡೆ. ಮಾರಾಟದ ಪುಟದಲ್ಲಿ "4ಕೆ ಮತ್ತು ಎಚ್.265ಕ್ಕೆ ಸಂಪೂರ್ಣ ಬೆಂಬಲ" ಎಂದು ಬರೆದಿತ್ತು. ಅದೇ ಪುಟದ ಕೆಳಗಿದ್ದ ಕನಿಷ್ಠ ಅಗತ್ಯಗಳ ಪಟ್ಟಿಯಲ್ಲಿ ಇಂಟೆಲ್‌ನ 4ನೇ ತಲೆಮಾರಿನ ಪ್ರೊಸೆಸರ್, 16 ಜಿಬಿ ರ‍್ಯಾಮ್ ಮತ್ತು 64-ಬಿಟ್ ವಿಂಡೋಸ್ 10 ಎಂದಿತ್ತು. ನನ್ನ ಕಂಪ್ಯೂಟರಿನಲ್ಲಿ ಇರುವುದು ಅಷ್ಟೂ ಅದೇ. ಆ ಪುಟದ ಪ್ರತಿಯನ್ನೂ ಪಾವತಿಯ ರಸೀದಿಯನ್ನೂ ಈ ಪತ್ರಕ್ಕೆ ಲಗತ್ತಿಸಿದ್ದೇನೆ.

ತೊಂದರೆ ಇಂತಿದೆ. ನನ್ನ ಕ್ಯಾಮೆರಾ 4ಕೆ ಅಳತೆಯಲ್ಲಿ ಎಚ್.265 ಕೋಡೆಕ್‌ನ 10-ಬಿಟ್, 4:2:2 ಕಡತಗಳನ್ನು ಬರೆಯುತ್ತದೆ (ಕೋಡೆಕ್ ಎಂದರೆ ವಿಡಿಯೋ ಕುಗ್ಗಿಸುವ ವಿಧಾನ, ಬಿಟ್ ಎಂದರೆ ಬಣ್ಣದ ಹಂತಗಳ ಲೆಕ್ಕ; 4:2:2 ಮತ್ತು 4:2:0 ಎಂಬವು ಬಣ್ಣದ ವಿವರವನ್ನು ಎಷ್ಟು ಉಳಿಸಿದೆ ಎಂಬುದರ ಗುರುತು, 4:2:2ರಲ್ಲಿ ಅದು ಹೆಚ್ಚು). ಇವನ್ನು ನಿಮ್ಮ ತಂತ್ರಾಂಶದ ಟೈಮ್‌ಲೈನಿಗೆ ಎಳೆದರೆ ಧ್ವನಿ ಮಾತ್ರ ಬರುತ್ತದೆ, ಚಿತ್ರದ ಜಾಗ ಪೂರ್ತಿ ಕಪ್ಪಾಗಿರುತ್ತದೆ. ಇದೇ ಕ್ಯಾಮೆರಾದಲ್ಲಿ, ಇದೇ ಎಚ್.265ರಲ್ಲಿ, 8-ಬಿಟ್ 4:2:0 ಆಯ್ಕೆಯಿಂದ ತೆಗೆದ ಕಡತಗಳು ಅದೇ ಟೈಮ್‌ಲೈನಿನಲ್ಲಿ ತೆರೆದುಕೊಳ್ಳುತ್ತವೆ. ಹಾಗಾಗಿ ದೋಷ ಕ್ಯಾಮೆರಾದ್ದಲ್ಲ, ಮೆಮೊರಿ ಕಾರ್ಡಿನದ್ದಲ್ಲ, ನಕಲು ಮಾಡುವಾಗ ಕಡತ ಕೆಟ್ಟಿರುವುದೂ ಅಲ್ಲ. ನಿಮ್ಮ ತಂತ್ರಾಂಶ ಎಚ್.265ರ ಒಂದು ಭಾಗವನ್ನಷ್ಟೇ ಓದಬಲ್ಲದು, ಆದರೆ ಮಾರಾಟದ ಪುಟ ಅದನ್ನು ಸಂಪೂರ್ಣ ಎಂದು ಕರೆದಿದೆ. ಎರಡೂ ಬಗೆಯ ಒಂದೊಂದು ಮಾದರಿ ಕಡತವನ್ನು, ಅವುಗಳ ತಾಂತ್ರಿಕ ವಿವರ ತೋರಿಸುವ ಮೀಡಿಯಾಇನ್ಫೋ ವರದಿಯ ಸಮೇತ, ನಿಮ್ಮ ಸಹಾಯ ವಿಭಾಗಕ್ಕೆ ಆಗಲೇ ಕಳುಹಿಸಿದ್ದೇನೆ.

ಇದಕ್ಕೆ ನಿಮ್ಮ ಪ್ರತಿನಿಧಿ ಕೊಟ್ಟ ಉತ್ತರ, "ನಿಮ್ಮ ಕಂಪ್ಯೂಟರ್ ಹಳೆಯದು, ಹೊಸದನ್ನು ಕೊಂಡು ನಮ್ಮ ಚಂದಾ ಆವೃತ್ತಿಗೆ ಬನ್ನಿ" ಎಂಬುದಾಗಿತ್ತು. ಈ ಉತ್ತರವನ್ನು ನಾನು ಒಪ್ಪಲಾರೆ, ಏಕೆಂದರೆ ಅದು ನಿಧಾನವಾಗುವುದನ್ನೂ ಆಗದೇ ಇರುವುದನ್ನೂ ಒಂದೇ ಎಂದು ಭಾವಿಸಿದೆ.

ನನ್ನ ಪ್ರೊಸೆಸರ್ ಬಂದದ್ದು 2013ರಲ್ಲಿ, ಎಚ್.265 ಮಾನದಂಡಕ್ಕೆ ಒಪ್ಪಿಗೆ ಸಿಕ್ಕದ್ದೂ ಅದೇ ವರ್ಷದಲ್ಲಿ. ಆದ್ದರಿಂದ ಈ ಕಡತಗಳನ್ನು ಬಿಡಿಸುವುದಕ್ಕೆಂದೇ ಮೀಸಲಾದ ವ್ಯವಸ್ಥೆ ಅದರೊಳಗೆ ಇಲ್ಲವೆಂಬುದು ನನಗೂ ತಿಳಿದಿದೆ. ಎಚ್.265 ಕಡತದಲ್ಲಿ ಪ್ರತಿ ಫ್ರೇಮೂ ಪೂರ್ಣ ಚಿತ್ರವಾಗಿರುವುದಿಲ್ಲ. ಅಲ್ಲೊಂದು ಇಲ್ಲೊಂದು ಪೂರ್ಣ ಚಿತ್ರವಿದ್ದು, ನಡುವಿನವುಗಳಲ್ಲಿ ಹಿಂದುಮುಂದಿನ ಫ್ರೇಮುಗಳಿಗಿಂತ ಏನು ಬದಲಾಗಿದೆ ಎಂಬ ವಿವರ ಮಾತ್ರ ಇರುತ್ತದೆ. ಉದ್ದನೆಯ ಹಾಡೊಂದರ ನಡುವಿನ ಸಾಲನ್ನು ಕೇಳಿದರೆ ನಮ್ಮ ಹಿರಿಯ ಹಾಡುಗಾರರು ಮೊದಲಿನಿಂದ ಹೇಳಿಕೊಂಡು ಬಂದು ಆ ಸಾಲನ್ನು ಮುಟ್ಟುವಂತೆ, ಕಂಪ್ಯೂಟರ್ ಕೂಡ ಒಂದು ಫ್ರೇಮ್ ತೋರಿಸಲು ಅದಕ್ಕೆ ಆಧಾರವಾದ ಉಳಿದ ಫ್ರೇಮುಗಳನ್ನೆಲ್ಲ ಮೊದಲು ಬಿಡಿಸಿಕೊಳ್ಳಬೇಕಾಗುತ್ತದೆ. ಫುಲ್ ಎಚ್‌ಡಿಯ ನಾಲ್ಕು ಪಟ್ಟು, ಅಂದರೆ ಸುಮಾರು 83 ಲಕ್ಷ ಬಿಂದುಗಳಿರುವ ಚಿತ್ರದಲ್ಲಿ ಈ ಕೆಲಸ ಹಳೆಯ ಪ್ರೊಸೆಸರಿಗೆ ಭಾರವೇ ಸರಿ. ಪ್ಲೇ ಒತ್ತಿದಾಗ ಚಿತ್ರ ತಡೆತಡೆದು ಬಂದಿದ್ದರೆ, ರೆಂಡರ್ ಆಗಲು ರಾತ್ರಿಯಿಡೀ ಬೇಕಾಗಿದ್ದರೆ, ನಾನು ಈ ಪತ್ರವನ್ನು ಬರೆಯುತ್ತಲೇ ಇರಲಿಲ್ಲ.

ಆದರೆ ಅದೇ ಕಂಪ್ಯೂಟರಿನಲ್ಲಿ ಅದೇ ಕಡತವನ್ನು ಉಚಿತವಾಗಿ ಸಿಗುವ ವಿಎಲ್‌ಸಿ ಪ್ಲೇಯರ್ ತಡವರಿಸುತ್ತಲಾದರೂ ತೋರಿಸುತ್ತದೆ. ಎಫ್‌ಎಫ್‌ಎಂಪೆಗ್ ಎಂಬ ಇನ್ನೊಂದು ಉಚಿತ ಸಾಧನ ಅದನ್ನು ಒಂದೂ ಫ್ರೇಮ್ ಬಿಡದೆ ಬೇರೆ ಕೋಡೆಕ್‌ಗೆ ಪರಿವರ್ತಿಸಿಕೊಡುತ್ತದೆ. ಯಂತ್ರಕ್ಕೆ ಶಕ್ತಿಯೇ ಇಲ್ಲದಿದ್ದರೆ ಇವೆರಡೂ ಸಾಧ್ಯವಾಗುತ್ತಿರಲಿಲ್ಲ. ನಿಮ್ಮ ತಂತ್ರಾಂಶದಲ್ಲಿ 10-ಬಿಟ್ 4:2:2 ಓದುವ ಡಿಕೋಡರ್ (ಕುಗ್ಗಿಸಿದ ಕಡತವನ್ನು ಬಿಡಿಸುವ ಭಾಗ) ಇಲ್ಲ, ತೊಂದರೆಯ ಮೂಲ ಅಷ್ಟೇ.

ಹೊಸ ಕಂಪ್ಯೂಟರ್ ಕೊಳ್ಳಿರಿ ಎಂಬ ಸಲಹೆಯನ್ನಾದರೂ ವಿಚಾರಿಸಿ ಕೊಟ್ಟಿದ್ದರೆ ಸಹಿಸಬಹುದಾಗಿತ್ತು. ನಿಮ್ಮ ಪ್ರತಿನಿಧಿ ಹೆಸರಿಸಿದ್ದು ಎನ್‌ವಿಡಿಯಾದ ಆರ್‌ಟಿಎಕ್ಸ್ 30 ಸರಣಿಯ ಗ್ರಾಫಿಕ್ಸ್ ಕಾರ್ಡನ್ನು. ಆ ಸರಣಿಯಲ್ಲಿ ಎಚ್.265 4:2:2 ಬಿಡಿಸುವ ವ್ಯವಸ್ಥೆ ಇಲ್ಲ. ಆ ಸಂಸ್ಥೆ ಅದನ್ನು ತಂದದ್ದು 2025ರಲ್ಲಿ ಬಂದ ಆರ್‌ಟಿಎಕ್ಸ್ 50 ಸರಣಿಯಲ್ಲಿ. ಇಂಟೆಲ್ ಪ್ರೊಸೆಸರುಗಳಲ್ಲಿಯೂ 7ನೇ ತಲೆಮಾರಿನಿಂದ 10-ಬಿಟ್ 4:2:0ಕ್ಕೆ ಈ ಅನುಕೂಲ ಬಂದರೂ, 4:2:2ಕ್ಕೆ ಅದು ದೊರೆತದ್ದು ಅದಕ್ಕಿಂತ ಸಾಕಷ್ಟು ಈಚಿನ ತಲೆಮಾರುಗಳಲ್ಲಿ. ಆ ಮಾತನ್ನು ನಂಬಿ ಅಡಿಕೆ ಮಾರಿದ ಹಣವನ್ನು ಆ ಕಾರ್ಡಿಗೆ ಹಾಕಿದ್ದರೆ, ನನ್ನ ತೊಂದರೆ ಇದ್ದ ಜಾಗದಲ್ಲಿಯೇ ಇರುತ್ತಿತ್ತು. ಗ್ರಾಹಕನೊಬ್ಬನ ವರ್ಷದ ಉಳಿತಾಯವನ್ನು ಎಲ್ಲಿ ಹಾಕಬೇಕೆಂದು ಹೇಳುವವರು ತಾವು ಹೇಳುವುದನ್ನು ತಿಳಿದು ಹೇಳಬೇಕು.

8-ಬಿಟ್‌ನಲ್ಲಿಯೇ ಚಿತ್ರೀಕರಿಸಿ ಎಂಬ ಇನ್ನೊಂದು ಸಲಹೆಯೂ ನಿಮ್ಮಿಂದ ಬಂತು. ಹಗಲಿನ ಮದುವೆಗೆ ನಾನು ಮಾಡುವುದು ಹಾಗೆಯೇ. ಆದರೆ ನಾನು ಹೊಸ ಕ್ಯಾಮೆರಾ ಕೊಂಡದ್ದು ಮುಖ್ಯವಾಗಿ ಅಂಟಿಗೆ-ಪಂಟಿಗೆಯ ದಾಖಲೀಕರಣಕ್ಕೆ. ದೀಪಾವಳಿಯ ರಾತ್ರಿಗಳಲ್ಲಿ ಹಾಡುಗಾರರ ತಂಡ ಉರಿಯುವ ದೀಪವನ್ನು ಹಿಡಿದು, ಮನೆಯಿಂದ ಮನೆಗೆ ಹಾಡುತ್ತ ನಡೆಯುವ ಸಂಪ್ರದಾಯ ನಮ್ಮ ಮಲೆನಾಡಿನಲ್ಲಿದೆ. ಅಲ್ಲಿ ವಿದ್ಯುದ್ದೀಪ ಹಾಕಿ ಚಿತ್ರೀಕರಿಸಿದರೆ ಅದರ ಸ್ವರೂಪವೇ ಉಳಿಯುವುದಿಲ್ಲ. ಇರುವ ಬೆಳಕೆಂದರೆ ಆ ದೀಪದ್ದು, ಹೆಚ್ಚೆಂದರೆ ಮನೆಯ ಜಗಲಿಯದ್ದು. 8-ಬಿಟ್ ಚಿತ್ರದಲ್ಲಿ ಪ್ರತಿ ಬಣ್ಣಕ್ಕೆ 256 ಹಂತಗಳಿದ್ದರೆ, 10-ಬಿಟ್‌ನಲ್ಲಿ 1024 ಇರುತ್ತವೆ. ಹಗಲಿನಲ್ಲಿ ಈ ಅಂತರ ಅಷ್ಟಾಗಿ ಕಾಣುವುದಿಲ್ಲ. ದೀಪದ ಸುತ್ತ ಬೆಳಕು ಕರಗಿ ಕತ್ತಲೆಯಾಗುವ ಕಡೆಯಲ್ಲಿ, ಹಾಡುಗಾರರ ಮುಖಗಳನ್ನು ಕಾಣಿಸಲೆಂದು ಎಡಿಟಿಂಗ್‌ನಲ್ಲಿ ನೆರಳನ್ನು ಸ್ವಲ್ಪ ಎತ್ತಿದರೂ ಸಾಕು, 8-ಬಿಟ್ ಚಿತ್ರ ಪಟ್ಟೆಪಟ್ಟೆಯಾಗಿ ಒಡೆದುಹೋಗುತ್ತದೆ. ಹಿಂದಿನ ವರ್ಷಗಳ ನನ್ನ ದಾಖಲೆಗಳಲ್ಲಿ ಇದೇ ಆಗಿದೆ. ಕಳೆದ ದೀಪಾವಳಿಯಲ್ಲಿ ಮೊದಲ ಬಾರಿಗೆ ಆ ಮುಖಗಳು ಸರಿಯಾಗಿ ದಾಖಲಾಗಿವೆ, ಆದರೆ ನಿಮ್ಮ ತಂತ್ರಾಂಶದ ಪರದೆಯಲ್ಲಿ ಅವು ಕಾಣುತ್ತಿಲ್ಲ. ತಂಡದ ಹಿರಿಯರಲ್ಲಿ ಇಡೀ ರಾತ್ರಿ ನಡೆಯುವ ಶಕ್ತಿ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದೆ. ಇನ್ನೊಮ್ಮೆ ಚಿತ್ರೀಕರಿಸಿ ಎಂದು ಯಾರಾದರೂ ಹೇಳುವುದಾದರೆ, ಅವರಿಗೆ ಈ ಕೆಲಸದ ಪರಿಚಯವಿಲ್ಲ ಎಂದೇ ನಾನು ತಿಳಿಯಬೇಕಾಗುತ್ತದೆ.

ಪ್ರಾಕ್ಸಿ ಮಾಡಿಕೊಂಡು ಎಡಿಟ್ ಮಾಡುವ ದಾರಿಯನ್ನೂ ನೋಡಿದ್ದೇನೆ. ಸಣ್ಣ ಗಾತ್ರದ ನಕಲುಗಳನ್ನು ಹೊರಗೆ ತಯಾರಿಸಿ, ಅವುಗಳಲ್ಲಿ ಸಂಕಲನ ಮುಗಿಸಿ, ಕೊನೆಗೆ ಮೂಲ ಕಡತಗಳಿಗೆ ಜೋಡಿಸಿಕೊಳ್ಳುವುದು ಈ ವೃತ್ತಿಯಲ್ಲಿ ಎಲ್ಲರೂ ಬಲ್ಲ ಕ್ರಮ. ನಿಮ್ಮ ತಂತ್ರಾಂಶದಲ್ಲಿ ಆ ಕೊನೆಯ ಹೆಜ್ಜೆಯೇ ನಿಂತುಹೋಗುತ್ತದೆ, ಏಕೆಂದರೆ ಮೂಲ ಕಡತವನ್ನು ಅದು ಓದಲಾರದು. ಉಳಿದ ದಾರಿಯೆಂದರೆ ಎಲ್ಲವನ್ನೂ ಪೂರ್ಣ ಗುಣಮಟ್ಟದಲ್ಲಿ ಎಡಿಟಿಂಗಿಗೆ ಸುಲಭವಾದ, ಆದರೆ ಕಡತ ಬಹಳ ದೊಡ್ಡದಾಗುವ ಪ್ರೋರೆಸ್ 422ರಂಥ ಕೋಡೆಕ್‌ಗೆ ಬದಲಾಯಿಸುವುದು. ನನ್ನ ಕ್ಯಾಮೆರಾ ಸೆಕೆಂಡಿಗೆ 170 ಮೆಗಾಬಿಟ್ ದರದಲ್ಲಿ ಬರೆಯುವುದರಿಂದ ಒಂದು ಗಂಟೆಯ ದೃಶ್ಯಕ್ಕೆ ಸುಮಾರು 76 ಜಿಬಿ ಆಗುತ್ತದೆ. ಅದೇ ದೃಶ್ಯ 4ಕೆ, ಸೆಕೆಂಡಿಗೆ 25 ಫ್ರೇಮಿನ ಪ್ರೋರೆಸ್ 422 ಆದರೆ ಸುಮಾರು 220 ಜಿಬಿ. ರಾತ್ರಿಯಿಡೀ ನಡೆಯುವ ಬಯಲಾಟವನ್ನು ಎರಡು ಕ್ಯಾಮೆರಾಗಳಲ್ಲಿ ತೆಗೆದವನಿಗೆ ಇದರ ಅರ್ಥ ಏನೆಂದು ನೀವೇ ಲೆಕ್ಕ ಹಾಕಬಹುದು. ಮೂಲವನ್ನೂ ಅಳಿಸುವಂತಿಲ್ಲವಾದ್ದರಿಂದ ಎರಡೂ ಉಳಿಯಬೇಕು. ಈ ಹಾರ್ಡ್‌ಡಿಸ್ಕುಗಳ ಖರ್ಚನ್ನು ನಾನು ಹೊರುತ್ತಿರುವುದು ನಿಮ್ಮ ತಂತ್ರಾಂಶದಲ್ಲಿ ಡಿಕೋಡರ್ ಇಲ್ಲದ ಒಂದೇ ಕಾರಣಕ್ಕೆ.

ಇನ್ನು ಎರಡನೆಯ ಅಹವಾಲು. ಕಂಪ್ಯೂಟರಿನ ಎಸ್‌ಎಸ್‌ಡಿ ಕೆಟ್ಟು ವಿಂಡೋಸ್ ಮರುಸ್ಥಾಪಿಸಿದಾಗ, 2014ರ ಆವೃತ್ತಿಯನ್ನೂ ಮತ್ತೆ ಹಾಕಲು ಹೋದೆ. ಪರವಾನಗಿಯನ್ನು ಖಚಿತಪಡಿಸಿಕೊಳ್ಳುವ ಅದರ ಆ್ಯಕ್ಟಿವೇಶನ್ ಸೇವೆ ಸ್ಥಗಿತಗೊಂಡಿದೆ ಎಂಬ ಸಂದೇಶ ಬಂತು. ಹೊಸ ಆವೃತ್ತಿ ಇರುವಾಗ ಹಳೆಯದು ಏಕೆ ಎಂದು ನಿಮ್ಮವರು ಕೇಳಿದರು. ಫೈರ್‌ವೈರ್ ಎಂಬ ಹಳೆಯ ಬಗೆಯ ಕೇಬಲ್ ಸಂಪರ್ಕದ ಮೂಲಕ ಮಿನಿ ಡಿವಿ ಎಂಬ ಸಣ್ಣ ವಿಡಿಯೋ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುವ ಸೌಲಭ್ಯ ಇರುವುದು ಆ ಹಳೆಯ ಆವೃತ್ತಿಯಲ್ಲಿ. ಹೊಸದರಿಂದ ನೀವು ಅದನ್ನು ತೆಗೆದುಹಾಕಿದ್ದೀರಿ. ನಮ್ಮ ಕಡೆಯ ಮಳೆಗಾಲದ ತೇವಕ್ಕೆ ಕ್ಯಾಸೆಟ್‌ಗಳು ಬೂಷ್ಟು ಹಿಡಿಯುತ್ತವೆ, ಟೇಪು ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಈಗಿಲ್ಲದ ಭಾಗವತರ, ಕಲಾವಿದರ ಪ್ರದರ್ಶನಗಳು ಇನ್ನೂ ಆ ಟೇಪುಗಳಲ್ಲಿವೆ. ಫೈರ್‌ವೈರ್ ಪೋರ್ಟ್ ಇರುವ ಈ ಹಳೆಯ ಕಂಪ್ಯೂಟರನ್ನು ನಾನು ಜೋಪಾನ ಮಾಡಿಕೊಂಡು ಬಂದಿರುವುದೂ ಅದಕ್ಕಾಗಿಯೇ. ಅಲ್ಲದೆ ಹಳೆಯ ಪ್ರಾಜೆಕ್ಟ್ ಕಡತಗಳಲ್ಲಿ ಕೆಲವು ಹೊಸ ಆವೃತ್ತಿಯಲ್ಲಿ ತೆರೆಯುವಾಗ ಶೀರ್ಷಿಕೆಗಳೂ ಟ್ರಾನ್ಸಿಶನ್‌ಗಳೂ ಕಳೆದುಹೋಗುತ್ತವೆ. ಶಾಶ್ವತವೆಂದು ಹಣ ಪಡೆದು ಮಾರಿದ ಪರವಾನಗಿಯನ್ನು ಸರ್ವರ್ ನಿಲ್ಲಿಸುವ ಮೂಲಕ ಕೊನೆಗೊಳಿಸುವ ಅಧಿಕಾರ ನಿಮಗೆ ಇದೆಯೆಂದು ನಾನು ಸಹಿ ಮಾಡಿದ ಯಾವ ಒಪ್ಪಂದದಲ್ಲಿಯೂ ಕಾಣಲಿಲ್ಲ.

ಚಂದಾ ಆವೃತ್ತಿಗೆ ವಿಂಡೋಸ್ 11 ಕಡ್ಡಾಯ ಎಂದಿದ್ದೀರಿ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು ಸಾಮಾನ್ಯವಾಗಿ ಇಂಟೆಲ್‌ನ 8ನೇ ತಲೆಮಾರು ಅಥವಾ ನಂತರದ ಪ್ರೊಸೆಸರ್ ಬೇಕಾದ್ದರಿಂದ ನನ್ನ ಯಂತ್ರಕ್ಕೆ ಆ ಬಾಗಿಲು ಮುಚ್ಚಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಅದು ನಿಮ್ಮ ಕೈಯಲ್ಲಿಲ್ಲ, ಅದನ್ನು ನಿಮ್ಮ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ತಿಂಗಳಿಗೊಮ್ಮೆ ಅಂತರ್ಜಾಲದಲ್ಲಿ ಪರವಾನಗಿ ಪರಿಶೀಲನೆಯಾಗದಿದ್ದರೆ ತಂತ್ರಾಂಶ ನಿಂತುಬಿಡುವ ನಿಯಮ ನೀವು ಮಾಡಿಕೊಂಡದ್ದು. ಆಷಾಢದ ಗಾಳಿಮಳೆಗೆ ಮರ ಬಿದ್ದು ವಿದ್ಯುತ್ ಹೋದರೆ, ಅದರ ಹಿಂದೆಯೇ ನೆಟ್‌ವರ್ಕ್ ಹೋದರೆ, ಎರಡೂ ಯಾವಾಗ ಬರುತ್ತವೆಂದು ಹೇಳಲಾಗದ ಊರು ನಮ್ಮದು. ಮದುವೆಗಳ ಹಂಗಾಮು ಮುಗಿದು ನಾನು ಕುಳಿತು ಎಡಿಟಿಂಗ್ ಮಾಡುವುದು ಅದೇ ತಿಂಗಳುಗಳಲ್ಲಿ, ಜನರೇಟರ್ ಇಟ್ಟುಕೊಂಡು. ಇಂಥ ಊರುಗಳಲ್ಲಿ ಕೆಲಸ ಮಾಡುವವರಿಗೆ ಶಾಶ್ವತ ಪರವಾನಗಿ ಕೆಲಸ ನಡೆಸಲು ಬೇಕೇ ಬೇಕಾದ ಅಗತ್ಯ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಸ್ವಯಂ ಉದ್ಯೋಗದಿಂದ ಜೀವನೋಪಾಯ ಮಾಡುವುದಕ್ಕೆಂದೇ ಕೊಂಡ ಸರಕನ್ನು ವಾಣಿಜ್ಯ ಉದ್ದೇಶದ್ದೆಂದು ಪರಿಗಣಿಸುವುದಿಲ್ಲ. ಆದ್ದರಿಂದ ನಾನು ವೃತ್ತಿನಿರತನೆಂಬ ಕಾರಣ ಮುಂದಿಟ್ಟು ಈ ದೂರನ್ನು ಬದಿಗಿಡಬಾರದಾಗಿ ಕೋರುತ್ತೇನೆ. ಉತ್ಪನ್ನದಲ್ಲಿ ಇಲ್ಲದ ಸಾಮರ್ಥ್ಯವನ್ನು ಇದೆಯೆಂದು ಹೇಳುವುದು ಅದೇ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿನ ವ್ಯಾಪ್ತಿಗೆ ಬರುತ್ತದೆ. 2020ರ ಇ-ವಾಣಿಜ್ಯ ನಿಯಮಗಳು ಆನ್‌ಲೈನ್ ಮಾರಾಟಗಾರರಿಗೆ ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ಖಚಿತಪಡಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕೆಂದು ವಿಧಿಸಿವೆ.

ನಾನು ಮೊದಲು ಕೇಳುವುದು ದುರಸ್ತಿಯನ್ನು. ನನ್ನ ಆವೃತ್ತಿಗೆ 10-ಬಿಟ್ 4:2:2 ಎಚ್.265 ಓದುವ ಡಿಕೋಡರನ್ನು, ನಿಧಾನವಾಗಿ ನಡೆದರೂ ಚಿಂತೆಯಿಲ್ಲ, ಒಂದು ಪರಿಷ್ಕರಣೆಯಾಗಿ ಒದಗಿಸಬೇಕು. ಅದು ಸಾಧ್ಯವಿಲ್ಲವೆಂದಾದರೆ ಕಳೆದ ವರ್ಷ ಪಡೆದ ಮೇಲ್ದರ್ಜೆಯ ಶುಲ್ಕವನ್ನು ಪೂರ್ತಿಯಾಗಿ ಹಿಂದಿರುಗಿಸಬೇಕು. ಇವೆರಡರಲ್ಲಿ ಯಾವುದೇ ಆಗಲಿ, 2014ರ ಆವೃತ್ತಿಗೆ ಅಂತರ್ಜಾಲವಿಲ್ಲದೆ ಕೆಲಸ ಮಾಡುವ ಆ್ಯಕ್ಟಿವೇಶನ್ ಸಂಖ್ಯೆಯನ್ನು ಬೇರೆಯಾಗಿಯೇ ಕೊಡಬೇಕು. ಜೊತೆಗೆ ನಿಮ್ಮ ಮಾರಾಟದ ಪುಟದಲ್ಲಿ ಬರಿಯ ಎಚ್.265 ಎಂದು ಬರೆಯದೆ, ಎಷ್ಟು ಬಿಟ್, 4:2:0 ಅಥವಾ 4:2:2, ಹಾರ್ಡ್‌ವೇರ್ ನೆರವಿನಿಂದಲೋ ಅದಿಲ್ಲದೆಯೋ ಎಂಬುದನ್ನು ಸ್ಪಷ್ಟವಾಗಿ ನಮೂದಿಸಬೇಕು. ತೀರ್ಥಹಳ್ಳಿ, ಹೊಸನಗರ, ಸೊರಬಗಳಲ್ಲಿ ನನ್ನಂತೆಯೇ ಹಳೆಯ ಕಂಪ್ಯೂಟರ್ ಇಟ್ಟುಕೊಂಡು ಹೊಸ ಕ್ಯಾಮೆರಾ ಕೊಳ್ಳುತ್ತಿರುವ ವಿಡಿಯೋಗ್ರಾಫರುಗಳಿಗೆ ಹಣ ಕೊಡುವ ಮೊದಲೇ ಈ ವಿವರ ಸಿಗಬೇಕು.

ಈ ಪತ್ರ ತಲುಪಿದ ಒಂದು ತಿಂಗಳೊಳಗೆ ಲಿಖಿತ ಉತ್ತರ ಬಾರದಿದ್ದರೆ, ದೂರುದಾರ ವಾಸಿಸುವ ಜಿಲ್ಲೆಯಲ್ಲಿಯೇ ಪ್ರಕರಣ ದಾಖಲಿಸಲು ಕಾಯ್ದೆ ಅವಕಾಶ ಕೊಟ್ಟಿರುವುದರಿಂದ, ಶಿವಮೊಗ್ಗ ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗದ ಮುಂದೆ ಇದೇ ದಾಖಲೆಗಳೊಂದಿಗೆ ಹಾಜರಾಗುತ್ತೇನೆ. ಮಾದರಿ ಕಡತಗಳು ನಿಮ್ಮ ತಂತ್ರಜ್ಞರಿಗೆ ಮತ್ತೊಮ್ಮೆ ಬೇಕಾದರೆ ಪೆನ್‌ಡ್ರೈವ್‌ನಲ್ಲಿ ಅಂಚೆಯ ಮೂಲಕ ಕಳುಹಿಸಲು ಸಿದ್ಧನಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
(ಸಹಿ)
ಪರವಾನಗಿದಾರ