ಸ್ಮಾರ್ಟ್ ವಾಚ್ ಲೆಕ್ಕ ತಪ್ಪುತ್ತಿದ್ದರೆ ಈ ಭಾನುವಾರ ಬನ್ನಿ

ಎಲ್ಲರಿಗೂ ನಮಸ್ಕಾರ. ಕುಕ್ಕರಹಳ್ಳಿ ಕೆರೆ ಸುತ್ತು ಜೊತೆಯಲ್ಲೇ ಮುಗಿಸಿದರೂ ಒಬ್ಬೊಬ್ಬರ ವಾಚಲ್ಲಿ ಒಂದೊಂದು ದೂರ ಬರುತ್ತಿದೆ, ಅಲ್ವಾ? ಈ ಭಾನುವಾರ ಬೆಳಿಗ್ಗೆ 6ಕ್ಕೆ ಕೆರೆಗೆ ಬದಲು ಸ್ಟೇಡಿಯಂ ಟ್ರ್ಯಾಕಿಗೆ ಬನ್ನಿ. ಒಳಗಿನ ಲೇನ್ ಒಂದು ಸುತ್ತಿಗೆ 400 ಮೀಟರ್. 5 ಸುತ್ತು ನಡೆದರೆ 2 ಕಿಲೋಮೀಟರ್. ಯಾರ ವಾಚ್ ಎಷ್ಟು ತಪ್ಪುತ್ತದೆ ಅಂತ ಅಲ್ಲೇ ಗೊತ್ತಾಗುತ್ತದೆ.

ಬರುವ ಮೊದಲು ಆ್ಯಪ್ ಅಪ್‌ಡೇಟ್ ಮಾಡಿ. ನಿಮ್ಮ ಎತ್ತರ, ತೂಕ, ವಯಸ್ಸು ಸರಿಯಾಗಿದೆಯೇ ನೋಡಿ. ಹೊರಡುವಾಗ ಬಯಲಲ್ಲಿ ನಿಂತು, ಜಿಪಿಎಸ್ ಸಿಕ್ಕ ಮೇಲಷ್ಟೇ ಸ್ಟಾರ್ಟ್ ಒತ್ತಿ. ದಟ್ಟ ಮರಗಳ ಕೆಳಗೆ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ.

ಹೃದಯ ಬಡಿತ ತಪ್ಪು ಬರಲು ಸಾಮಾನ್ಯ ಕಾರಣ ಸಡಿಲ ಪಟ್ಟಿ. ವಾಚಿನ ಹಸಿರು ಬೆಳಕು ಚರ್ಮದಡಿಯ ರಕ್ತದ ಹರಿವನ್ನು ನೋಡಿ ಬಡಿತ ಎಣಿಸುತ್ತದೆ. ವಾಚ್ ಅಲುಗಾಡಿದರೆ ಹೆಜ್ಜೆಯನ್ನೇ ಬಡಿತ ಅಂತ ಲೆಕ್ಕ ಹಾಕಿಬಿಡಬಹುದು. ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳು ಮೇಲೆ ಕಟ್ಟಿ. ಬಿಗಿಯಾಗಿರಲಿ, ಆದರೆ ಕೈ ಜೋಮು ಹಿಡಿಯಬಾರದು. ವಾಚಿನ ಹಿಂಭಾಗದ ಬೆವರು, ಎಣ್ಣೆ ಒರೆಸಿ. ಕಟ್ಟುವ ಜಾಗದಲ್ಲಿ ಹಚ್ಚೆ ಇದ್ದರೆ ಇನ್ನೊಂದು ಕೈಗೆ ಕಟ್ಟಿ ನೋಡಿ. ಅನುಮಾನ ಬಂದರೆ ನಾಡಿ ಹಿಡಿದು 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ.

ಹೃದಯದ ತೊಂದರೆಗೆ ಮಾತ್ರೆ ತಗೊಳ್ಳುವ ಹಿರಿಯರು ದಯವಿಟ್ಟು ವಾಚ್ ನಂಬಿ ಡೋಸ್ ಬದಲಿಸಬೇಡಿ. ಎದೆನೋವು, ತಲೆಸುತ್ತು ಬಂದರೆ ವಾಚ್ ಏನೇ ತೋರಿಸಲಿ, ಅಲ್ಲೇ ನಿಂತು ನಮಗೆ ಹೇಳಿ.

ಬರುವವರು ಶುಕ್ರವಾರ ರಾತ್ರಿಯೊಳಗೆ ಹೆಸರು, ವಾಚ್ ಮಾಡೆಲ್ ಇಲ್ಲೇ ಹಾಕಿ.