ಅಳಿವೆ ನೀರಿನ ಡೇಟಾ ಓಡಿಸೋಕೆ ಕಂಪ್ಯೂಟರ್ ಕೊಡಿ

ಮಾನ್ಯ ಸಂಪಾದಕರೇ,

ಸೂಪರ್ ಕಂಪ್ಯೂಟರ್ ಸುದ್ದಿ ಬಂದಾಗೆಲ್ಲ ಎಷ್ಟು ಪೆಟಾಫ್ಲಾಪ್ (ಲೆಕ್ಕ ಮಾಡೋ ವೇಗ) ಅನ್ನೋದೇ ದಪ್ಪ ಅಕ್ಷರದಲ್ಲಿರುತ್ತೆ, ಅದು ಯಾರ ಕೈಗೆ ಸಿಗುತ್ತೆ ಅನ್ನೋದನ್ನ ಯಾರೂ ಬರೆಯಲ್ಲ, ಅದಕ್ಕೇ ಈ ಪತ್ರ. ನಾನು ಉತ್ತರ ಕನ್ನಡದ ಕಾಲೇಜೊಂದರಲ್ಲಿ ಮೈಕ್ರೋಬಯಾಲಜಿ ಪಾಠ ಮಾಡೋನು. ಅಘನಾಶಿನಿ ಅಳಿವೆಯಿಂದ ನೀರು ತಂದು 0.22 ಮೈಕ್ರಾನ್ ಫಿಲ್ಟರಲ್ಲಿ ಸೋಸಿ ಅದರಲ್ಲಿರೋ ಸೂಕ್ಷ್ಮಜೀವಿಗಳ ಡಿಎನ್ಎ ತೆಗೆಯೋದು ನಮ್ಮ ಹುಡುಗರಿಗೆ ನೀರು ಕುಡಿದಷ್ಟು ಸುಲಭ, ಆ ಡಿಎನ್ಎ ಓದೋ ಸೀಕ್ವೆನ್ಸಿಂಗೂ ದುಡ್ಡು ಕೊಟ್ರೆ ಹೊರಗಡೆ ಆಗುತ್ತೆ. ಆಮೇಲೆ ಶುರು ಒದ್ದಾಟ. ಹಾಗೆ ಓದಿದ ಕೋಟಿಗಟ್ಟಲೆ ಡಿಎನ್ಎ ತುಂಡುಗಳನ್ನ ಜೋಡಿಸೋ ಪ್ರೋಗ್ರಾಂ ನೂರಾರು ಜಿಬಿ ರ‍್ಯಾಮ್ ಕೇಳುತ್ತೆ, ಲ್ಯಾಬಲ್ಲಿರೋದು 16. ರಾತ್ರಿ ರನ್ ಕೊಟ್ಟು ಹೋಗಿ ಬೆಳಿಗ್ಗೆ ಬಂದು ನೋಡಿದ್ರೆ ಸ್ಕ್ರೀನ್ ಮೇಲೆ ‘ಕಿಲ್ಡ್’ ಅಂತ ಒಂದೇ ಪದ.

ಇದಕ್ಕೆ ದಾರಿ ಬೇರೆಯವರು ಯಾವತ್ತೋ ಹುಡುಕಿದ್ರು. ಅಮೆರಿಕದ ಜೀನ್ ವಿಜ್ಞಾನಿ ಕ್ರೇಗ್ ವೆಂಟರ್ ತಂಡ ಹಾಯಿಹಡಗಲ್ಲಿ ಸಮುದ್ರ ಸುತ್ತಿ, ನೀರಲ್ಲಿದ್ದ ಡಿಎನ್ಎ ಓದಿ 2007ರಲ್ಲಿ 60 ಲಕ್ಷಕ್ಕೂ ಹೆಚ್ಚು ಪ್ರೋಟೀನ್‌ಗಳ ಲೆಕ್ಕ ಕೊಟ್ಟಾಗ, ಆ ಡೇಟಾ ಜೊತೆ ಕಂಪ್ಯೂಟರನ್ನೂ ಹಂಚಿಕೊಳ್ಳೋ ‘ಕ್ಯಾಮೆರಾ’ ಅನ್ನೋ ವ್ಯವಸ್ಥೆ ಸ್ಯಾನ್ ಡಿಯಾಗೋದಲ್ಲಿತ್ತು, ದುಡ್ಡು ಗಾರ್ಡನ್ ಮೂರ್ ದಂಪತಿಯ ದತ್ತಿಸಂಸ್ಥೆ ಮೂರ್ ಫೌಂಡೇಶನ್‌ದು. ಎಲ್ಲೋ ಕೂತವನು ತನ್ನ ಜೀನ್ ಹಾಕಿದ್ರೆ ಹುಡುಕಾಟ ಅವರ ಮೆಷಿನ್ನಲ್ಲೇ ನಡೀತಿತ್ತು. ಆದ್ರೆ ಕೆಲ ವರ್ಷಕ್ಕೆ ಅದೂ ನಿಂತು ಡೇಟಾ ಅರಿಜೋನಾ ಕಡೆ ಹೋಯ್ತು. ಕಟ್ಟೋಕೆ ದುಡ್ಡು ಕೊಡೋರು ಸಿಗ್ತಾರೆ, ನಡೆಸೋಕೆ ಸಿಗಲ್ಲ, ನಮ್ಮೂರ ನೀರಿನ ಟ್ಯಾಂಕ್ ಥರಾನೇ.

ಈಗ ಫರೀದಾಬಾದ್‌ನಲ್ಲಿ 2022ರಿಂದ ಇಂಡಿಯನ್ ಬಯೊಲಾಜಿಕಲ್ ಡೇಟಾ ಸೆಂಟರ್ ಇದೆ, 4 ಪೆಟಾಬೈಟ್ (40 ಲಕ್ಷ ಜಿಬಿ) ಜಾಗ, ‘ಬ್ರಹ್ಮ್’ ಅನ್ನೋ ಕಂಪ್ಯೂಟರೂ ಇದೆ. ಬೆಂಗಳೂರಿನ ಐಐಎಸ್‌ಸಿಯಲ್ಲಿ 3.3 ಪೆಟಾಫ್ಲಾಪ್‌ನ ಸೂಪರ್ ಕಂಪ್ಯೂಟರ್ ಪರಮ್ ಪ್ರವೇಗ. ಗೋವಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯವರು (ಎನ್ಐಒ) 2021ರಲ್ಲಿ ‘ಸಿಂಧು ಸಾಧನಾ’ ಹಡಗಲ್ಲಿ ಸಮುದ್ರದ ಸೂಕ್ಷ್ಮಜೀವಿಗಳ ಜೀನೋಮ್ ಮ್ಯಾಪಿಂಗ್‌ಗೆ ಅಂತಾನೇ ಹಿಂದೂ ಮಹಾಸಾಗರಕ್ಕೆ ಹೋಗಿಬಂದ್ರು. ಸಾಮಾನು ಎಲ್ಲಾ ಇದೆ, ಒಂದೇ ಸೂರಿನಡಿ ಸಿಗ್ತಿಲ್ಲ ಅಷ್ಟೇ. ಸೂಕ್ಷ್ಮಜೀವಿ ಡಿಎನ್ಎ ವಿಶ್ಲೇಷಿಸೋ ಯುರೋಪಿನವರ ವೆಬ್‌ಸೈಟ್ ಎಮ್‌ಜಿನಿಫೈಗೆ ಡೇಟಾ ಕಳಿಸಿದ್ರೆ ಪುಕ್ಕಟೆ ಅನಾಲಿಸಿಸ್ ಮಾಡ್ಕೊಡ್ತಾರೆ, ಸರಿ, ಆದ್ರೆ ಅಘನಾಶಿನಿ ಸಮುದ್ರ ಸೇರೋ ತದಡಿಯ ನೀರಿನ ಲೆಕ್ಕಕ್ಕೆ ಅದಿರೋ ಇಂಗ್ಲೆಂಡಿನ ಕೇಂಬ್ರಿಜ್ ಹತ್ರ ಕ್ಯೂ ನಿಲ್ಲಬೇಕಾ?

ಇನ್ನೊಂದು ಮಾತು, ನಂಗೆ ರ‍್ಯಾಮ್‌ಗಿಂತ ಇದೇ ದೊಡ್ಡದು ಅನ್ಸುತ್ತೆ. ಮಳೆಗಾಲದಲ್ಲಿ ಅಳಿವೆ ನೀರು ಸಪ್ಪೆ, ಮೇ ತಿಂಗಳಲ್ಲಿ ಉಪ್ಪು. ಮಳೆಗಾಲದ ಕೊನೆಗೆ ನಮ್ಮ ಪಶ್ಚಿಮ ಕರಾವಳಿಯ ಕೆಳಗಿನ ನೀರಲ್ಲಿ ಆಕ್ಸಿಜನ್ ತೀರಾ ಕಡಿಮೆಯಾಗಿ ಬ್ಯಾಕ್ಟೀರಿಯಾಗಳು ಆಕ್ಸಿಜನ್ ಬದಲು ನೀರಲ್ಲಿರೋ ನೈಟ್ರೇಟ್ ಹಿಡ್ಕೊಂಡು ಉಸಿರಾಡಿ ಬದುಕ್ತವೆ. ತಾರೀಕು, ಆಳ, ಉಪ್ಪಿನಂಶ, ಉಷ್ಣತೆ ಬರೆದಿಡದೆ ಬರೀ ಡಿಎನ್ಎ ಫೈಲ್ ಹಾಕಿದ್ರೆ ಅದು ಯಾವ ನೀರಿಂದು ಅಂತ ಹೇಗೆ ಗೊತ್ತಾಗ್ಬೇಕು? ಈ ನಾಲ್ಕು ಕಾಲಂ ತುಂಬದ ಫೈಲನ್ನ ಸರ್ವರ್ ತಗೋಳ್ಳೇಬಾರದು.

ಕಾರವಾರದಿಂದ ಮಂಗಳೂರು ತನಕ ಕರಾವಳಿ ಕಾಲೇಜುಗಳಿಗೆ ಈ ಕಂಪ್ಯೂಟರ್‌ಗಳಲ್ಲಿ ತಲಾ ಒಂದು ಅಕೌಂಟ್, ವರ್ಷಕ್ಕಿಷ್ಟು ಗಂಟೆ ಅಂತ ಸರ್ಕಾರ ಮಾಡಿ ಕೊಡ್ಲಿ. ಜೊತೆಗೆ ಫೋನ್ ಎತ್ತೋಕೆ ಒಬ್ಬ ಮನುಷ್ಯ, ಅವನ ಸಂಬಳ ಪ್ರಾಜೆಕ್ಟ್ ಮುಗಿದ ಮೇಲೂ ಬರೋ ಹಾಗೆ.

– ಮೈಕ್ರೋಬಯಾಲಜಿ ಉಪನ್ಯಾಸಕ, ಕುಮಟಾ